ಬೀಗದ ಕೈ ಯಾರ ಹತ್ತಿರ?



ವಾರದ ಸಂತೆಗೆ ಸೊಪ್ಪು, ಹಸಿಮೆಣಸಿನಕಾಯಿ, ಬದನೆ ಹೊತ್ತು ತರುವ ಹೆಣ್ಣುಮಕ್ಕಳು ಬೆಳಗಿನ ಮೊದಲ ಬಸ್ಸಿಗೇ ಮನೆ ಬಿಟ್ಟಿರುತ್ತಾರೆ. ತಾಡಪಾಲು ಹಾಸಿ ತಕ್ಕಡಿ ಇಟ್ಟುಕೊಂಡು ಕೂತರೆ ಏಳುವುದು ಸಂಜೆಗೇ, ಉಳಿದ ಮಾಲನ್ನು ಸಿಕ್ಕ ಬೆಲೆಗೆ ಕೊಟ್ಟು ಮುಗಿಸಿದ ಮೇಲೆ. ಹತ್ತು ಹನ್ನೆರಡು ತಾಸು. ಅಷ್ಟು ಹೊತ್ತು ಅವರು ಒಂದಕ್ಕೆ ಎಲ್ಲಿಗೆ ಹೋಗುತ್ತಾರೆ? ಕೇಳಿದರೆ ಬಹಳ ಮಂದಿ ಹೇಳುವುದು ಇಷ್ಟೇ: ‘ಹೋಗೂದೇ ಇಲ್ರೀ, ಸಂತಿ ದಿನ ನೀರು ಕುಡಿಯೂದು ಬಿಟ್ಟೀವಿ.’

ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿನಲ್ಲಿ, ತಲೆಯ ಮೇಲೆ ಒಂದು ಸೆರಗು ಬಿಟ್ಟರೆ ಬೇರೆ ನೆರಳಿಲ್ಲದೆ, ನೀರು ಕುಡಿಯದೆ ಕೂರುವುದೆಂದರೆ ಏನೆಂದು ಯೋಚಿಸಿ. ಉರಿಮೂತ್ರ, ಮತ್ತೆಮತ್ತೆ ಕಾಡುವ ಮೂತ್ರನಾಳದ ಸೋಂಕು, ಮೂತ್ರಪಿಂಡದ ಕಲ್ಲು, ಇವೆಲ್ಲ ಹೀಗೆ ನೀರು ಬಿಟ್ಟು, ಮೂತ್ರ ಕಟ್ಟಿಕೊಂಡು ಕೂರುವವರನ್ನು ಹುಡುಕಿಕೊಂಡು ಬರುತ್ತವೆ. ಬಸುರಿಯರ ಪಾಡು ಬೇರೆಯೇ. ಹೊಟ್ಟೆಯ ಭಾರಕ್ಕೆ ಅವರು ಪದೇಪದೇ ಏಳಬೇಕು. ತಡೆದುಕೊಂಡರೆ ಆಗುವ ಸೋಂಕು ತಾಯಿಗೂ ಒಳ್ಳೆಯದಲ್ಲ, ಕೂಸಿಗೂ ಒಳ್ಳೆಯದಲ್ಲ. ಮುಟ್ಟಿನ ದಿನವೇ ಸಂತೆ ಬಂದರೆ ಎಷ್ಟೋ ಮಂದಿ ವ್ಯಾಪಾರವನ್ನೇ ಬಿಡುತ್ತಾರೆ. ಸಕ್ಕರೆ ಕಾಯಿಲೆ ಇರುವವರು, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಪೇಟೆಗೆ ಬರುವುದನ್ನು ಕಡಿಮೆ ಮಾಡುತ್ತಾರೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾಚಿಕೆ ಅಡ್ಡ ಬರುತ್ತದೆ. ಬಾಯಿಬಿಟ್ಟು ಹೇಳದ ಈ ಸಂಕಟ ಪುರಸಭೆಯ ಅರ್ಜಿ ಪುಸ್ತಕದಲ್ಲಿ ದಾಖಲಾಗುವುದೂ ಇಲ್ಲ.

ಹಾಗಾದರೆ ಸಂತೆ ಮೈದಾನದಲ್ಲಿ ಶೌಚಾಲಯ ಇಲ್ಲವೇ? ಎಷ್ಟೋ ಊರುಗಳಲ್ಲಿ ಇದೆ. ಗೋಡೆಗೆ ಬಣ್ಣ ಬಳಿದಿದೆ, ಮೇಲೆ ಗಾಂಧೀಜಿಯ ಕನ್ನಡಕದ ಚಿತ್ರವಿದೆ, ಉದ್ಘಾಟನೆಯ ಕಲ್ಲಿನಲ್ಲಿ ಹೆಸರುಗಳಿವೆ. ಬಾಗಿಲಿಗೆ ಬೀಗ ಬಿದ್ದಿದೆ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಪಕ್ಕದ ಚಹಾ ಅಂಗಡಿಯವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಬೀಗದ ಕೈಯ ಬಗ್ಗೆ.

ಕಟ್ಟುವ ವಿಷಯದಲ್ಲಿ ನಾವು ಬಹಳ ದೂರ ಬಂದಿದ್ದೇವೆ, ಅದನ್ನು ಮನಸಾರೆ ಒಪ್ಪಬೇಕು. 2011ರ ಜನಗಣತಿಯ ಹೊತ್ತಿಗೆ ಕರ್ನಾಟಕದ ಸುಮಾರು ಅರ್ಧದಷ್ಟು ಮನೆಗಳಲ್ಲಿ ಮಾತ್ರ ಶೌಚಾಲಯವಿತ್ತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾದ ಮೇಲೆ ಹಳ್ಳಿಹಳ್ಳಿಯಲ್ಲೂ ಹಿತ್ತಲಲ್ಲಿ ಒಂದು ಪುಟ್ಟ ಕೋಣೆ ಎದ್ದಿತು. ನಸುಕಿನಲ್ಲಿ ತಂಬಿಗೆ ಹಿಡಿದು ಬಯಲಿಗೆ ಹೋಗುತ್ತಿದ್ದ, ದಾರಿಯಲ್ಲಿ ಬೈಕಿನ ದೀಪ ಬಿದ್ದರೆ ಎದ್ದು ನಿಲ್ಲಬೇಕಾಗಿದ್ದ ಹೆಂಗಸರಿಗೆ ಅದರಿಂದ ಎಷ್ಟು ನೆಮ್ಮದಿಯಾಯಿತೆಂದು ಅವರಿಗಷ್ಟೇ ಗೊತ್ತು. ಆದರೆ ಮನೆಯ ಶೌಚಾಲಯ ಮನೆಯಲ್ಲೇ ಉಳಿಯುತ್ತದೆ, ಮನುಷ್ಯರು ಹೊರಗೆ ಓಡಾಡುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. ಮನೆಯಿಂದ ಹೊರಗೆ ಇಷ್ಟು ಹೊತ್ತು, ಇಷ್ಟು ದೂರ ಇರುವ ಹೆಂಗಸರ ಸಂಖ್ಯೆ ಹೆಚ್ಚಿದೆ. ಬಸ್ಸು ಇಳಿದ ಮೇಲಿನ ಏರ್ಪಾಡು ಆ ವೇಗದಲ್ಲಿ ಬೆಳೆದಿಲ್ಲ.

ಇದು ಯಾರ ಕೆಲಸ ಎಂಬುದರಲ್ಲಿ ಗೊಂದಲ ಇರಬಾರದು. ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆಂದು 18 ಬಾಬುಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಇಟ್ಟಿತು. ಅದರ 17ನೆಯ ಬಾಬಿನಲ್ಲಿ ಬೀದಿ ದೀಪ, ಬಸ್ ನಿಲುಗಡೆಗಳ ಜೊತೆಗೇ ಸಾರ್ವಜನಿಕ ಶೌಚಾಲಯದಂಥ ಅನುಕೂಲಗಳೂ ಸೇರಿವೆ. ಹಳ್ಳಿಗೆ ಬಂದರೆ, 1993ರ ನಮ್ಮ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯಿತಿಯ ಕಡ್ಡಾಯ ಕೆಲಸಗಳಲ್ಲೇ ಇದನ್ನು ಸೇರಿಸಿದೆ: ಗಂಡಸರಿಗೂ ಹೆಂಗಸರಿಗೂ ಸಾಕಷ್ಟು ಸಮುದಾಯ ಶೌಚಾಲಯಗಳನ್ನು ಕಟ್ಟಬೇಕು, ಕಟ್ಟಿದ್ದನ್ನು ನಿರ್ವಹಿಸಬೇಕು. ಕಟ್ಟುವುದಕ್ಕೆ ಅಂದಾಜುಪಟ್ಟಿ ಆಗುತ್ತದೆ, ಟೆಂಡರ್ ಆಗುತ್ತದೆ, ಬಿಲ್ ಆಗುತ್ತದೆ. ನಿರ್ವಹಣೆಗೆ ಎಷ್ಟೋ ಕಡೆ ಒಂದು ಸಾಲೂ ಇರುವುದಿಲ್ಲ. ನೀರಿನ ಮೋಟರು ಸುಟ್ಟ ದಿನ ಬೀಗ ಬೀಳುತ್ತದೆ. ಆಮೇಲೆ ಅದು ತೆರೆಯುವುದೇ ಇಲ್ಲ.

ಈ ಗಂಟನ್ನು ಬಿಚ್ಚಲು ಮೊದಲು ದೊಡ್ಡದಾಗಿ ಪ್ರಯತ್ನಿಸಿದವರು ಬಿಂದೇಶ್ವರ ಪಾಠಕ್. ಅವರ ಸುಲಭ್ ಸಂಸ್ಥೆ 1974ರಲ್ಲಿ ಪಟ್ನಾದಲ್ಲಿ ಹಣ ಕೊಟ್ಟು ಬಳಸುವ ಸಾರ್ವಜನಿಕ ಶೌಚಾಲಯ ತೆರೆಯಿತು. ಶೌಚಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ ಎಂದು ಆಗ ಜನ ಅನುಮಾನಪಟ್ಟರು. ಕೊಟ್ಟರು. ಏಕೆಂದರೆ ಅಲ್ಲಿ ನೀರಿತ್ತು, ಬೆಳಕಿತ್ತು, ಬಾಗಿಲಲ್ಲಿ ಒಬ್ಬ ಮನುಷ್ಯ ಇದ್ದ. ಇವತ್ತು ನಮ್ಮ ಊರುಗಳಲ್ಲಿ ಯಾರು ನಡೆಸಿದರೂ ಸರಿ, ಅಂಥ ಜಾಗವನ್ನು ಜನ ‘ಸುಲಭ್’ ಅಂತಲೇ ಕರೆಯುತ್ತಾರೆ. ಬಾಗಿಲಲ್ಲಿ ಕೂತು ಜಾಗವನ್ನು ಕಾಯುವ, ತೊಳೆಯುವ, ತೊಳೆಸುವ ಮನುಷ್ಯನಿಲ್ಲದೆ ಸಾರ್ವಜನಿಕ ಶೌಚಾಲಯ ನಡೆಯುವುದಿಲ್ಲ ಎಂಬುದನ್ನು ಸುಲಭ್ ತೋರಿಸಿಕೊಟ್ಟಿತು.

ಆದರೆ ಈ ದುಡ್ಡಿನ ಪದ್ಧತಿಯಲ್ಲಿ ಒಂದು ಅನ್ಯಾಯವೂ ಸೇರಿಕೊಂಡಿತು. ಗಂಡಸರ ಮೂತ್ರಾಲಯಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಹೆಂಗಸರಿಗೆ ಒಂದಕ್ಕಾದರೂ ಎರಡಕ್ಕಾದರೂ ಬಾಗಿಲಿರುವ ಕೋಣೆಯೇ ಬೇಕು, ಹಾಗಾಗಿ ಎರಡಕ್ಕೂ ದುಡ್ಡು. ಮುಂಬೈಯಲ್ಲಿ 2011ರ ಸುಮಾರಿಗೆ ಹೆಣ್ಣುಮಕ್ಕಳ ಸಂಘಟನೆಗಳು ‘ರೈಟ್ ಟು ಪೀ’, ಅಂದರೆ ಮೂತ್ರ ಮಾಡುವ ಹಕ್ಕು, ಎಂಬ ಚಳವಳಿ ಹೂಡಿ ಇದನ್ನೇ ಬೀದಿಯಲ್ಲಿ ಕೇಳಿದವು. ಹೆಸರು ಕೇಳಿ ಮುಜುಗರಪಟ್ಟವರೂ ಇದ್ದರು. ಆದರೆ ಮುಚ್ಚಿಟ್ಟ ಮಾತನ್ನು ಅವರು ಬಯಲಿಗೆ ತಂದರು, ಅದು ಧೈರ್ಯದ ಕೆಲಸ. 2015ರಲ್ಲಿ ಬಾಂಬೆ ಹೈಕೋರ್ಟ್ ಹೆಂಗಸರಿಗೆ ರಸ್ತೆ ಬದಿಗಳಲ್ಲಿ ಶುಚಿಯಾದ ಶೌಚಾಲಯ ಒದಗಿಸುವುದು ನಗರಪಾಲಿಕೆಗಳ ಹೊಣೆ ಎಂದು ಹೇಳಿತು. ಬದುಕುವ ಹಕ್ಕಿನ ಜೊತೆಗೇ ಅದನ್ನು ಜೋಡಿಸಿತು.

ನಾನು ಹೆಚ್ಚು ಹೊತ್ತು ಹೇಳಬೇಕೆಂದಿರುವುದು ಪುಣೆಯ ಕಥೆ. 1999ರಲ್ಲಿ ಅಲ್ಲಿ ರತ್ನಾಕರ ಗಾಯಕವಾಡ ಎಂಬ ಅಧಿಕಾರಿ ಪಾಲಿಕೆಯ ಆಯುಕ್ತರಾಗಿದ್ದರು. ಕೊಳೆಗೇರಿಗಳಲ್ಲಿ ಗುತ್ತಿಗೆದಾರರು ಕಟ್ಟಿದ್ದ ಶೌಚಾಲಯಗಳು ನೀರಿಲ್ಲದೆ, ನೋಡುವವರಿಲ್ಲದೆ ಹಾಳಾಗಿದ್ದವು. ಆಯುಕ್ತರು ಸ್ವಯಂಸೇವಾ ಸಂಸ್ಥೆಗಳನ್ನು ಕರೆದು ಕಟ್ಟುವ ಕೆಲಸ, ಕಟ್ಟಿದ ಮೇಲೆ ನೋಡಿಕೊಳ್ಳುವ ಕೆಲಸ ಎರಡನ್ನೂ ಒಟ್ಟಿಗೇ ವಹಿಸಿದರು. ಕಟ್ಟಡದ ವೆಚ್ಚ, ನೀರು, ವಿದ್ಯುತ್ ಸಂಪರ್ಕ ಪಾಲಿಕೆಯದು. ಮುಂದಿನ ದಿನಗಳ ಹೊಣೆ ಅಲ್ಲಿ ವಾಸಿಸುವವರದು. ಎರಡೇ ವರ್ಷದಲ್ಲಿ 400ಕ್ಕೂ ಹೆಚ್ಚು ಶೌಚಾಲಯ ಕಟ್ಟಡಗಳು ಎದ್ದವು.

ಇದರಲ್ಲಿ ದೊಡ್ಡ ಪಾಲಿನ ಕೆಲಸ ಹೊತ್ತವರು ಸ್ಪಾರ್ಕ್ ಸಂಸ್ಥೆ, ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟ ಮತ್ತು ಮಹಿಳಾ ಮಿಲನ್. ಒಕ್ಕೂಟದ ಮುಂದಾಳು ಜೋಕಿನ್ ಅರ್ಪುತಂ ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, ಹರೆಯದಲ್ಲೇ ಮುಂಬೈ ಸೇರಿ, ಕೊಳೆಗೇರಿಯಲ್ಲೇ ಬಾಳಿದವರು. 2000ದಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಹಿಳಾ ಮಿಲನ್ ಎಂದರೆ ಫುಟ್‌ಪಾತಿನಲ್ಲಿ, ಗುಡಿಸಲುಗಳಲ್ಲಿ ಇರುವ ಹೆಂಗಸರ ಉಳಿತಾಯ ಗುಂಪುಗಳು. ಪುಣೆಯಲ್ಲಿ ಈ ಹೆಂಗಸರಲ್ಲಿ ಕೆಲವರು ತಾವೇ ಗುತ್ತಿಗೆ ಹಿಡಿದು, ಇಟ್ಟಿಗೆ, ಸಿಮೆಂಟು ತರಿಸಿ, ಗಾರೆಯವರನ್ನು ನಿಲ್ಲಿಸಿ ಕಟ್ಟಿಸಿದರು.

ಅವರು ನಕ್ಷೆಯಲ್ಲಿ ಮಾಡಿದ ಬದಲಾವಣೆ ನೋಡಿ. ಮೊದಲಿನ ಕಟ್ಟಡಗಳಲ್ಲಿ ಗಂಡಸರ ಸಾಲು, ಹೆಂಗಸರ ಸಾಲು ಎದುರುಬದುರು ಇರುತ್ತಿದ್ದವು. ಇವರು ಬಾಗಿಲನ್ನೇ ಬೇರೆ ಮಾಡಿದರು. ಬೆಳಗಿನ ಹೊತ್ತು ಸಾಲಿನಲ್ಲಿ ನಿಂತ ಮಕ್ಕಳನ್ನು ದೊಡ್ಡವರು ಪಕ್ಕಕ್ಕೆ ತಳ್ಳಿ ಒಳಗೆ ಹೋಗುತ್ತಾರೆ. ತಡೆಯಲಾರದ ಮಕ್ಕಳು ಚರಂಡಿಯ ಅಂಚಿಗೆ ಕೂರುತ್ತಾರೆ. ಇದು ತಾಯಂದಿರಿಗೆ ಗೊತ್ತಿತ್ತು, ಎಂಜಿನಿಯರಿಗೆ ಗೊತ್ತಿರಲಿಲ್ಲ. ಹಾಗಾಗಿ ಮಕ್ಕಳಿಗೆಂದೇ ಬೇರೆ ಜಾಗ ಬಂತು: ಚಿಕ್ಕ ಬೇಸಿನ್ನು, ಒಳಗೆ ಬಿದ್ದೇವೆಂದು ಹೆದರದಂತೆ ಸಣ್ಣ ಕಂಡಿ, ಹಿಡಿದುಕೊಳ್ಳಲು ಹಿಡಿಕೆ. ನೀರಿಗೆ ದೊಡ್ಡ ತೊಟ್ಟಿ ಮಾಡಿದರು. ಗಾಳಿ ಬೆಳಕು ಬರುವಂತೆ ಗೋಡೆ ಎತ್ತಿದರು. ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು, ನೋಡಿಕೊಳ್ಳುವವರಿಗೆ ಅಲ್ಲೇ ಒಂದು ಮನೆ. ಕಾವಲಿನವರ ಸಂಸಾರ ಅಲ್ಲೇ ಇದ್ದರೆ ಆ ಕಟ್ಟಡಕ್ಕೆ ಹಗಲೂ ರಾತ್ರಿ ಮನುಷ್ಯರ ಓಡಾಟ ಇರುತ್ತದೆ, ಬೀಗದ ಕೈ ಎಲ್ಲಿದೆ ಎಂದು ಯಾರೂ ಹುಡುಕಬೇಕಾಗಿಲ್ಲ. ಒಂದು ಮನೆಯವರೆಲ್ಲರಿಗೂ ಸೇರಿ ತಿಂಗಳಿಗೆ 20 ರೂಪಾಯಿಯ ಪಾಸು. ಬೇರೆ ಕಡೆ ಪ್ರತಿ ಸಲಕ್ಕೆ 1 ರೂಪಾಯಿ ಇತ್ತು. ಐದು ಜನರ ಮನೆಗೆ ದಿನಕ್ಕೊಂದೇ ಸಲ ಎಂದರೂ ತಿಂಗಳಿಗೆ 150 ರೂಪಾಯಿ. ಕೂಲಿಯ ಮನೆಗೆ ಈ ವ್ಯತ್ಯಾಸ ದೊಡ್ಡದು. ಕಟ್ಟಡ ಮುಗಿದಾಗ ‘ಸಂಡಾಸ್ ಮೇಳ’ ಎಂದು ಊಟ, ಹಾಡು, ಮೆರವಣಿಗೆ. ಮಂತ್ರಿಗಳು, ಅಧಿಕಾರಿಗಳು ಬಂದು ಕೊಳೆಗೇರಿಯ ಹೆಂಗಸರ ಜೊತೆ ನಿಂತು ಶೌಚಾಲಯದ ಬಗ್ಗೆ ಎಲ್ಲರೆದುರು ಮಾತಾಡಿದರು. ನಾಚಿಕೆ ಕಳೆಯುವುದಕ್ಕೆ ಅದೂ ಬೇಕಿತ್ತು.

ಆ ಆಯುಕ್ತರು ವರ್ಗವಾದ ಮೇಲೆ ಪಾಲಿಕೆಯ ಉತ್ಸಾಹ ತಗ್ಗಿತು. ಒಬ್ಬ ಒಳ್ಳೆಯ ಅಧಿಕಾರಿಯ ಮೇಲೆ ನಿಂತ ಏರ್ಪಾಡಿಗೆ ಈ ಭಯ ಇದ್ದೇ ಇರುತ್ತದೆ. ಅದಕ್ಕೇ ತಮಿಳುನಾಡಿನ ತಿರುಚಿರಾಪಳ್ಳಿಯನ್ನೂ ನೆನೆಯಬೇಕು. ಅಲ್ಲಿ ಗ್ರಾಮಾಲಯ ಎಂಬ ಸಂಸ್ಥೆಯ ನೆರವಿನಿಂದ ಸ್ವಸಹಾಯ ಗುಂಪುಗಳ ಹೆಂಗಸರು ಕೊಳೆಗೇರಿಗಳ ಸಮುದಾಯ ಶೌಚಾಲಯಗಳನ್ನು ವಹಿಸಿಕೊಂಡರು. ಪಾಳಿಯ ಮೇಲೆ ಬಾಗಿಲಲ್ಲಿ ಕೂತು ಟೋಕನ್ ಕೊಡುತ್ತಾರೆ, ದಿನದ ಲೆಕ್ಕ ಬರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಗುಂಪುಗಳಿಲ್ಲದ ಹಳ್ಳಿ ಹುಡುಕಿದರೂ ಸಿಗುವುದು ಕಷ್ಟ. ಸಾಲದ ಕಂತು, ಬಡ್ಡಿ, ಪಾಸ್‌ಬುಕ್ಕು ಎಲ್ಲವನ್ನೂ ತಪ್ಪಿಲ್ಲದೆ ನಡೆಸುವ ಈ ಹೆಂಗಸರಿಗೆ ಒಂದು ಶೌಚಾಲಯದ ಲೆಕ್ಕ ಹೆಚ್ಚಿನದೇನಲ್ಲ.

ಇಲ್ಲಿ ಒಂದು ಕಠಿಣವಾದ ಮಾತು ಹೇಳಲೇಬೇಕು. ನೋಡಿಕೊಳ್ಳುವವರು ಬೇಕು ಎಂದ ಕೂಡಲೇ ನಮ್ಮ ಊರುಗಳ ಮನಸ್ಸು ಒಂದು ನಿರ್ದಿಷ್ಟ ಕೇರಿಯ ಕಡೆ ಹೊರಳುತ್ತದೆ. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅಂಥ ದಿಟ್ಟ ಆಜ್ಞೆ ಹೊರಟ ನಾಡು ನಮ್ಮದು. ಅದಾಗಿ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದ ಮೇಲೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಆ ಕೆಲಸಕ್ಕೆ ಕಟ್ಟಿಹಾಕಿದ ಸಮುದಾಯದ ಕೆಲವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಅಷ್ಟು ಮಾಡಿದರೆ ಮಾತ್ರ ತಮ್ಮ ಕಡೆ ಯಾರಾದರೂ ತಿರುಗಿ ನೋಡುತ್ತಾರೆ ಎಂಬ ಸ್ಥಿತಿಗೆ ಅವರನ್ನು ತಂದವರು ನಾವೆಲ್ಲರೂ.

ಜೋಕಿನ್ ಹುಟ್ಟಿದ ಅದೇ ಚಿನ್ನದ ಗಣಿಯ ಊರಿನಲ್ಲಿ ಬೆಜವಾಡ ವಿಲ್ಸನ್ ಹುಟ್ಟಿದರು, 1966ರಲ್ಲಿ. ಅವರ ಮನೆಯವರು ಮಲ ಬಳಿಯುವ ಕೆಲಸದಲ್ಲಿದ್ದರು. ವಿಲ್ಸನ್ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಲ್ಲಿ ಅವರಿಗೂ ಮ್ಯಾಗ್ಸೆಸೆ ಬಂತು. ಒಂದೇ ಊರಿನ ಇಬ್ಬರಲ್ಲಿ ಒಬ್ಬರು ಶೌಚಾಲಯ ಇಲ್ಲದವರಿಗೆ ಅದನ್ನು ಕೊಡಿಸಲು ದುಡಿದರು, ಇನ್ನೊಬ್ಬರು ಬೇರೆಯವರ ಹೊಲಸಿನಿಂದ ಮನುಷ್ಯರ ಕೈ ಬಿಡಿಸಲು ದುಡಿಯುತ್ತಿದ್ದಾರೆ. ಈ ಎರಡು ಕೆಲಸಗಳನ್ನು ಬೇರೆಬೇರೆ ಇಟ್ಟು ನೋಡಲು ನನಗೆ ಆಗುವುದಿಲ್ಲ. ವಿಲ್ಸನ್ ಅವರ ಆಂದೋಲನ ಹೂಡಿದ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್, ಒಳಚರಂಡಿ ಮತ್ತು ಮಲಗುಂಡಿಗಳಲ್ಲಿ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. 2023ರಲ್ಲಿ ಅದೇ ನ್ಯಾಯಾಲಯ ಅದನ್ನು 30 ಲಕ್ಷಕ್ಕೆ ಏರಿಸಿತು. ಮಲಗುಂಡಿಯೊಳಗೆ ಕಟ್ಟಿಕೊಂಡ ಗಾಳಿ ಕೆಲವೇ ಉಸಿರಿನಲ್ಲಿ ಮನುಷ್ಯನನ್ನು ಕೆಡವುತ್ತದೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಅಲ್ಲೇ ಬೀಳುತ್ತಾನೆ. ಸುರಕ್ಷತೆಯ ಏರ್ಪಾಡಿಲ್ಲದೆ ಯಾರನ್ನೂ ಗುಂಡಿಗೆ ಇಳಿಸಬಾರದೆಂದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಹೇಳುತ್ತದೆ.

ಹಾಗಾದರೆ ಊರಿನ ಶೌಚಾಲಯದ ಗುಂಡಿ ತುಂಬಿದರೆ? ಈ ಪ್ರಶ್ನೆಗೆ ಉತ್ತರ ಕಟ್ಟುವ ಮೊದಲೇ ಸಿದ್ಧವಿರಬೇಕು. ಸಕ್ಕಿಂಗ್ ಗಾಡಿ ಬಂದು ನಿಲ್ಲಲು ದಾರಿ ಇರಬೇಕು, ಅದರ ಪೈಪು ಎಟುಕುವ ಕಡೆ ಗುಂಡಿಯ ಬಾಯಿ ಇರಬೇಕು. ಗಾಡಿ ತುಂಬಿಕೊಂಡದ್ದನ್ನು ಕೆರೆಯ ಅಂಚಿಗೋ ಹಳ್ಳಕ್ಕೋ ಸುರಿಯದೆ ಒಯ್ಯಲು ಒಂದು ಜಾಗ ಬೇಕು. 2015ರಲ್ಲಿ ದೇವನಹಳ್ಳಿಯಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಶುರುವಾಯಿತು. ಇಂಥದ್ದರಲ್ಲಿ ದೇಶದ ಮೊದಮೊದಲಿನವುಗಳಲ್ಲಿ ಅದೊಂದು. ಒಳಚರಂಡಿ ಇಲ್ಲದ ಸಣ್ಣ ಊರೂ ಇದನ್ನು ಮಾಡಬಹುದೆಂದು ಅದು ತೋರಿಸಿತು.

ಇನ್ನು ನಮ್ಮ ಸಂತೆ ಮೈದಾನಕ್ಕೆ ಬರೋಣ. ಜಾಗ ಗೊತ್ತು ಮಾಡುವ ದಿನ ಎಂಜಿನಿಯರು, ಸದಸ್ಯರು ಮಾತ್ರ ಹೋದರೆ ಸಾಲದು. ಸೊಪ್ಪು ಮಾರುವವರು, ಬಳೆ ಮಾರುವವರು, ಬಸ್‌ಸ್ಟ್ಯಾಂಡಿನಲ್ಲಿ ಹೂ ಕಟ್ಟುವವರು ಜೊತೆಗೆ ನಡೆಯಲಿ. ವೈನ್ ಶಾಪಿನ ಹಿಂಭಾಗ ಬೇಡ ಎಂದು ಅವರೇ ಹೇಳುತ್ತಾರೆ. ಕತ್ತಲಾದ ಮೇಲೆ ದೀಪ ಬೇಕು, ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ ಬೇಕು, ದುಡ್ಡಿನ ಚೀಲ ತೂಗುಹಾಕಲು ಒಂದು ಮೊಳೆ ಬೇಕು ಎನ್ನುತ್ತಾರೆ. ದುಡ್ಡಿನ ಚೀಲವನ್ನು ಹೊರಗೆ ಯಾರ ಕೈಗೂ ಕೊಡಲಾಗದೆ ಶೌಚಕ್ಕೇ ಹೋಗದವರಿದ್ದಾರೆ. ಕೂಸನ್ನು ಮಲಗಿಸಲು ಕಲ್ಲಿನ ಕಟ್ಟೆ, ಪ್ಯಾಡು ಹಾಕಲು ಮುಚ್ಚಳದ ಡಬ್ಬಿ, ಗಾಲಿಕುರ್ಚಿ ಹತ್ತುವಂಥ ಇಳಿಜಾರು. ಇವುಗಳಲ್ಲಿ ಯಾವುದಕ್ಕೂ ಲಕ್ಷಗಟ್ಟಲೆ ಬೇಕಾಗಿಲ್ಲ. ನೀರಿನ ಬಗ್ಗೆ ಮಾತ್ರ ಹಟ ಹಿಡಿಯಬೇಕು: ನೀರಿನ ಮೂಲ ಖಚಿತವಾಗುವ ತನಕ ಅಡಿಪಾಯದ ಕಲ್ಲು ಇಡಬಾರದು. ಬೋರ್‌ವೆಲ್ ಬತ್ತುವ ಸೀಮೆಯಲ್ಲಿ ಒಂದು ತಂಬಿಗೆ ಎರಡು ತಂಬಿಗೆ ನೀರಿಗೆ ಸ್ವಚ್ಛವಾಗುವ, ಕಡಿದಾದ ಇಳಿಜಾರಿನ ಬೇಸಿನ್ನುಗಳನ್ನೇ ಹಾಕಬೇಕು. ಸುಲಭ್ ಮಾದರಿಯ ಬೇಸಿನ್ನು ಅದಕ್ಕೆಂದೇ ರೂಪುಗೊಂಡದ್ದು.

ಮತ್ತೆ, ದುಡ್ಡು. ನೋಡಿಕೊಳ್ಳುವವರಿಗೆ ತಿಂಗಳ ಸಂಬಳ ಎಲ್ಲಿಂದ ಬರಬೇಕು ಎಂದು ಪಂಚಾಯಿತಿಯಲ್ಲಿ ಕೇಳುತ್ತಾರೆ. ಸಂತೆಯಲ್ಲಿ ಕೂತ ಪ್ರತಿಯೊಬ್ಬರೂ ಸುಂಕ ಕೊಡುತ್ತಾರೆ. ಚೀಟಿ ಹರಿಯುವವನು ಬೆಳಿಗ್ಗೆಯೇ ಬಂದು ನಿಲ್ಲುತ್ತಾನೆ. ನಾಲ್ಕು ಕಟ್ಟು ಕೊತ್ತಂಬರಿ ಇಟ್ಟುಕೊಂಡ ಅಜ್ಜಿಯನ್ನೂ ಬಿಡುವುದಿಲ್ಲ. ಸುಂಕ ವಸೂಲಿಯ ಹಕ್ಕನ್ನು ಪಂಚಾಯಿತಿ, ಪುರಸಭೆಗಳು ವರ್ಷಕ್ಕೊಮ್ಮೆ ಹರಾಜು ಹಾಕುತ್ತವೆ. ಆ ದುಡ್ಡು ಆ ಹೆಂಗಸರದು. ಆ ಮೈದಾನದಲ್ಲಿ ಕೂತದ್ದಕ್ಕೆಂದು ಅವರು ಕೊಟ್ಟದ್ದು. ಅದರಲ್ಲೇ ಒಂದು ಭಾಗವನ್ನು ಶೌಚಾಲಯ ನೋಡಿಕೊಳ್ಳುವವರ ಸಂಬಳಕ್ಕೆ, ನೀರಿಗೆ, ಫಿನಾಯಿಲು ಪೊರಕೆಗೆ ಎತ್ತಿಟ್ಟರೆ ಸಂತೆಯಲ್ಲಿ ಕೂತವರಿಂದ ಮತ್ತೆ ದುಡ್ಡು ಕೇಳಬೇಕಾಗಿಲ್ಲ. ಆ ಕೆಲಸವನ್ನು ಯಾವ ಜಾತಿಗೂ ಕಟ್ಟಿಹಾಕದೆ, ಅರ್ಜಿ ಕರೆದು, ಕೈಗವಸು, ಬೂಟು, ವಾರದ ರಜೆ, ಬ್ಯಾಂಕಿಗೆ ಸಂಬಳ ಎಂದು ಬರಹದಲ್ಲಿ ಗೊತ್ತುಮಾಡಿ ಕೊಡಲಿ. ಸ್ತ್ರೀಶಕ್ತಿ ಗುಂಪು ಮೇಲ್ವಿಚಾರಣೆ ಮಾಡಲಿ. ತಿಂಗಳ ಜಮಾ ಖರ್ಚನ್ನು ಅದೇ ಗೋಡೆಯ ಮೇಲೆ ಬರೆಯಲಿ.

ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಅನೇಕ ಕಡೆ ಸಂತೆ ಸುಂಕದ ಹರಾಜಿನ ನೋಟೀಸು ಗೋಡೆಗೆ ಬೀಳುತ್ತದೆ. ಅದಕ್ಕೆ ಮೊದಲಿನ ಗ್ರಾಮಸಭೆಗೆ, ವಾರ್ಡ್ ಸಭೆಗೆ ಹೋಗಿ. ಹರಾಜಿನ ಷರತ್ತುಗಳಲ್ಲಿ ಇದನ್ನೂ ಸೇರಿಸಿ ಎಂದು ಅರ್ಜಿ ಬರೆದು, ಸಂತೆಯಲ್ಲಿ ಕೂರುವ ಹೆಂಗಸರ ರುಜು, ಹೆಬ್ಬೆಟ್ಟು ಹಾಕಿಸಿ ಕೊಡಿ: ಸಂತೆಯ ದಿನ ಬೆಳಗಿನ ಮೊದಲ ಬಸ್ಸಿನಿಂದ ಸಂಜೆಯ ಕೊನೆಯ ಬಸ್ಸಿನ ತನಕ ಶೌಚಾಲಯ ತೆರೆದಿರಬೇಕು, ತೊಟ್ಟಿಯಲ್ಲಿ ನೀರಿರಬೇಕು, ನೋಡಿಕೊಳ್ಳುವವರ ಸಂಬಳ ಸುಂಕದ ದುಡ್ಡಿನಿಂದಲೇ ಹೋಗಬೇಕು. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.